ಹನ್ನೆರಡನೆಯವನು

ಎಲ್ಲದಕ್ಕೂ ಕಾರಣ ಬಸವಕುಮಾರನ ಬಾಯಿ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ ಚಿದಂಬರನ ಪಕ್ಕದ ಮೇಜಿನಲ್ಲಿ ಕೂರುವ ಈ ಮನುಷ್ಯ ಅಂದು ಬೆಳಿಗ್ಗೆ ಊಟದ ಡಬ್ಬಿ ಕೆಳಗಿಡುವ ಮೊದಲೇ ಶುರುಮಾಡಿದ.

"ರೀ ಚಿದಂಬರ, ನಿಮ್ಮ ಹನ್ನೆರಡನೆಯವನು ಸಿಕ್ಕಿದ ಕಣ್ರೀ! ಗಂಡಸಿ ಆಚೆ ನಮ್ಮ ನೆಂಟರ ಊರಲ್ಲಿ ಹುಚ್ಚಣ್ಣ ಅಂತ ಒಬ್ಬ ಇದಾನೆ. ಅವನ ಮನೇಲಿ ಆ ಕಾರ್ಡಿಗೆ ಕಟ್ಟು ಹಾಕಿಸಿ ಗೋಡೆಗೆ ನೇತಾಕವ್ರಂತೆ."

ಚಿದಂಬರ ಪೆನ್ನು ಮುಚ್ಚಿ ಜೇಬಿಗಿಟ್ಟ. ಅವನು ಹೈಸ್ಕೂಲಿನಲ್ಲಿದ್ದಾಗ ಒಂದು ಸಣ್ಣ ಕಂಪನಿ ಬಬಲ್‌ಗಮ್ ಜೊತೆ ಕ್ರಿಕೆಟ್ ಕಾರ್ಡು ಕೊಡುತ್ತಿತ್ತು. ದೊಡ್ಡ ಆಟಗಾರರನ್ನು ಒಪ್ಪಿಸುವ ಯೋಗ್ಯತೆ ಅದಕ್ಕಿರಲಿಲ್ಲ. ಹೀಗಾಗಿ ಯಾರೂ ಹೆಸರು ಕೇಳದ ಹನ್ನೆರಡು ಜನರನ್ನು ಹಿಡಿದು ತಂದು ತಂಡವೆಂದು ಅಚ್ಚುಹಾಕಿತ್ತು. ಒಂದೇ ಪಂದ್ಯ ಆಡಿ ಬ್ಯಾಂಕು ಸೇರಿದವನು, ಕ್ಯಾಚು ಬಿಡುವುದರಲ್ಲೇ ಹೆಸರಾದ ವಿಕೆಟ್ ಕೀಪರು, ಸೋಡಾಬುಡ್ಡಿ ಕನ್ನಡಕದ ಸ್ಪಿನ್ನರು. ಚಿದಂಬರನಿಗೆ ಇವರನ್ನು ಕಂಡರೆ ಜೀವ. ಹನ್ನೊಂದು ಜನ ಎಂದೋ ಸಿಕ್ಕಿದ್ದರು. ಮೈದಾನಕ್ಕೆ ನೀರು ಹೊತ್ತದ್ದು ಬಿಟ್ಟರೆ ಏನೂ ಮಾಡದ ಡಿ. ಹೇಮಂತ್ ಮಾತ್ರ ಸಿಕ್ಕಿರಲಿಲ್ಲ.

ಚಿದಂಬರನ ಬಾಳಿನಲ್ಲಿ ಪೂರ್ತಿಯಾದದ್ದು ಅಂತ ಯಾವುದೂ ಇಲ್ಲ. ಬಿ.ಕಾಂ. ಕೊನೆಯ ವಿಷಯದಲ್ಲಿ ನಿಂತಿತು. ಮದುವೆ ನಿಶ್ಚಿತಾರ್ಥದಲ್ಲಿ ನಿಂತಿತು. ಕಟ್ಟಿಸಲು ಹೊರಟ ಮನೆ ಲಿಂಟಲ್ ಮಟ್ಟದಲ್ಲಿ ನಿಂತು ಪಾಚಿ ಕಟ್ಟುತ್ತಿದೆ. ಸಾಯುವುದರೊಳಗೆ ಈ ತಂಡವೊಂದನ್ನಾದರೂ ಪೂರ್ತಿ ಮಾಡಬೇಕು ಎಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಅವನು ಅರ್ಧ ದಿನ ರಜೆ ಬರೆದು, ಮನೆಗೆ ಓಡಿ, ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಗಂಡಸಿ ಬಸ್ಸು ಹತ್ತಿದ.

ಅಂದು ಪಿತೃಪಕ್ಷದ ಅಮಾವಾಸ್ಯೆ. ಅವನು ಹೋಗಿ ಇಳಿದಾಗ ಮೋಡ ಕವಿದು ಊರಿಗೆ ಊರೇ ಮಂಕಾಗಿತ್ತು. ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುವ ಗಡಿಬಿಡಿ. ಹುಚ್ಚಣ್ಣನ ನಡುಮನೆಯಲ್ಲಿ ಬಾಳೆಲೆಯ ಮೇಲೆ ಮುದ್ದೆ, ಮಾಂಸದ ಸಾರು, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಇವೆಲ್ಲದರ ಹಿಂದೆ, ಗಾಜಿಲ್ಲದ ಕಟ್ಟಿನೊಳಗೆ ಹಣೆಗೆ ಕುಂಕುಮ ಇಡಿಸಿಕೊಂಡು, ಸೇವಂತಿಗೆ ಹಾರದ ನಡುವಿನಿಂದ ಇಣುಕುತ್ತಿದ್ದ, ಬಿಳಿ ಸ್ವೆಟರಿನ ಡಿ. ಹೇಮಂತ್! ಚಿದಂಬರನ ಕಣ್ಣು ತುಂಬಿ ಬಂತು.

"ಇವರು ಕ್ರಿಕೆಟ್ ಆಟಗಾರ ಕಣ್ರೀ!"

"ಮೆಲ್ಲಗೆ ಮಾತಾಡಣ್ಣ," ಎಂದ ಹುಚ್ಚಣ್ಣ. "ನಮ್ಮಪ್ಪ ಬೋರಯ್ಯ ಬದುಕಿದ್ದಾಗ ಒಂದು ಫೋಟೋನೂ ಹಿಡಿಸ್ನಿಲ್ಲ. ನಾನು ಚಿಕ್ಕೋನಿದ್ದಾಗ ಬಬಲ್‌ಗಮ್ಮಲ್ಲಿ ಇವ್ನು ಸಿಕ್ದ. ಮೂಗು ನಮ್ಮಪ್ಪಂದೇ ಅಂತ ಎಲ್ರೂ ಅಂದ್ರು. ಎಡೆ ಇಡಾಕೆ ಒಂದು ಮುಖ ಬೇಕಲ್ವಾ?"

"ಇದನ್ನ ನನಗೆ ಕೊಡಿ. ಇದರದ್ದೇ ದೊಡ್ಡದಾಗಿ ಕಲರ್ ಕಾಪಿ ಮಾಡಿಸಿಕೊಡ್ತೀನಿ."

ಮೂಲೆಯಲ್ಲಿದ್ದ ಬೋರಯ್ಯನ ಹೆಂಡತಿ, ಮುದುಕಿ ರುಕ್ಮಿಣಮ್ಮ ತಲೆಯೆತ್ತಿದಳು. "ಹಿರೇರು ಬಂದು ಕೂರೋ ಜಾಗ ಕಣಪ್ಪ. ನಕಲಿನ ಮ್ಯಾಲೆ ಕೂರ್ತಾರಾ? ಬೇಕಾದ್ರೆ ನೀನೇ ನಕಲು ತಗೊಂಡೋಗು."

"ನಕಲು ಆಗಲ್ಲಮ್ಮ! ನನಗೆ ಅಸಲೇ ಬೇಕು!" ಎಂದುಬಿಟ್ಟ ಚಿದಂಬರ.

"ಹಂಗಾರೆ ನಂಗೂ ಆಗಕಿಲ್ಲ."

ಚಿದಂಬರ ಅಲ್ಲೇ ಕುಕ್ಕರಿಸಿ ಆಲ್ಬಮ್ ಬಿಚ್ಚಿ ತನ್ನ ಗೋಳನ್ನೆಲ್ಲ ಹೇಳಿಕೊಂಡ. ಮುದುಕಿ ಒಂದೊಂದೇ ಮುಖ ನೋಡುತ್ತಾ ಬಂದು ಒಂದರ ಮೇಲೆ ಬೆರಳಿಟ್ಟಳು.

"ಇವನ್ಯಾರು?"

"ಓಪನಿಂಗ್ ಆಟಗಾರ. ಆಡಿದ್ದು ಒಂದೇ ಪಂದ್ಯ. ಮೊದಲನೇ ಚೆಂಡಿಗೇ ಔಟು."

"ಆದ್ರೂ ನಗ್ತಾವ್ನೆ ನೋಡು." ಅವಳು ಸುಮಾರು ಹೊತ್ತು ನೋಡಿದಳು. "ನಮ್ಮೆಜಮಾನ್ರು ಬದುಕಿರೋಗಂಟ ನನ್ ಮುಂದೆ ಒಂದಿನ ನಗ್ನಿಲ್ಲ. ಸತ್ತ ಮ್ಯಾಲಾದ್ರೂ ನಗ್ಲಿ. ಇವನ್ನ ಕೊಡು, ಅವನ್ನ ತಗೊಂಡೋಗು."

ಓಪನರನ್ನು ಬೇರೆಲ್ಲಾದರೂ ಹುಡುಕಬಹುದು, ಹನ್ನೆರಡನೆಯವನು ಮತ್ತೆ ಸಿಗಲಾರ ಎಂದು ಚಿದಂಬರ ಒಪ್ಪಿಕೊಂಡ. ಕಟ್ಟು ಬಿಚ್ಚಿ ಹೇಮಂತನನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಗಂಗಾಧರಯ್ಯ ಒಳಗೆ ಬಂದರು.

"ಏನ್ಲಾ ಹುಚ್ಚಣ್ಣ, ಅಪ್ಪನ್ನೇ ಬದಲಾಯಿಸ್ತಿದ್ದೀಯಂತೆ?" ಎನ್ನುತ್ತಾ ಆಲ್ಬಮ್ಮಿಗೆ ಬಗ್ಗಿದವರು ವಿಕೆಟ್ ಕೀಪರನ್ನು ಕಂಡು ಕೂಗಿಕೊಂಡರು. "ಅಯ್ಯೋ, ನಮ್ಮ ತಾತ! ಇಷ್ಟೇ ದಪ್ಪ ಇದ್ವು ಕೈ!"

"ಅದು ಗ್ಲೌಸು, ಸ್ವಾಮಿ."

"ಇರ್ಲಿ ಬಿಡಿ. ನಾವು ಬರೀ ಕಳಸಕ್ಕೆ ಎಡೆ ಇಡ್ತಾ ಇದ್ವಿ. ಹಿರೇರು ತಾವಾಗೇ ಬಸ್ಸು ಹತ್ಕೊಂಡು ಊರಿಗೆ ಬಂದವ್ರೆ. ಅಮಾಸೆ ದಿನ ಅವರನ್ನ ಕಂಕುಳಲ್ಲಿಟ್ಕೊಂಡು ವಾಪಸ್ ಹೋದ್ರೆ ನಿಮಗೆ ಒಳ್ಳೇದಾಗ್ತದಾ?"

"ಕಾಪಿ ಕಳಿಸ್ತೀನಿ..."

"ನಕಲು ಆಗಲ್ಲ ಅಂತ ನೀವೇ ಕೂಗಿದ್ರಲ್ಲ! ಬೀದಿಗೆಲ್ಲ ಕೇಳಿಸ್ತು."

ಕೇಳಿಸಿದ್ದು ನಿಜ. ಬೀದಿಯೇ ನುಗ್ಗಿ ಬಂತು. ಕನ್ನಡಕದ ಸ್ಪಿನ್ನರು ಸತ್ತುಹೋದ ಮೇಷ್ಟ್ರ ಮನೆಗೆ ಹೋದ. ಮೀಸೆಯ ಬೌಲರು ಪಟೇಲರ ಪಾಲಾದ. ಇನ್ನೊಬ್ಬನನ್ನು ಯಾರೂ ಕಂಡಿರದ ಮುತ್ತಾತನಿಗೆಂದು ಒಯ್ದರು. "ಹಿಂಗೇ ಇದ್ದಿರ್ಬೇಕು ಬಿಡಿ," ಎಂದು ಮನೆಮಂದಿಯೆಲ್ಲ ಒಪ್ಪಿದರು. ಕೊಡಲಾರೆ ಎನ್ನಲು ಚಿದಂಬರ ಬಾಯಿ ತೆರೆದಾಗಲೆಲ್ಲ ಯಾರಾದರೂ ಅದರೊಳಗೆ ಒಂದು ಕಜ್ಜಾಯ ಇಡುತ್ತಿದ್ದರು. ಕೊನೆಗೆ ಒಬ್ಬ ಹಣ್ಣುಹಣ್ಣು ಮುದುಕ ಹೇಮಂತನನ್ನು ಬಿಟ್ಟು ಉಳಿದಿದ್ದ ಒಂದೇ ಕಾರ್ಡಿನ ಮುಂದೆ ನಿಂತು, "ಅಪ್ಪಾ, ಎಷ್ಟು ದಿನಾತು ನಿನ್ನ ನೋಡಿ," ಎಂದು ಅಳತೊಡಗಿದ. ಅದನ್ನು ಚಿದಂಬರ ತಾನೇ ತೆಗೆದು ಅವನ ಕೈಗಿಟ್ಟ. ಅವನಿಗೂ ಅಳು ಬಂದಿತ್ತು.

ಸಂಜೆಯ ಬಸ್ಸಿನಲ್ಲಿ ಹೊಟ್ಟೆ ಭಾರವಾಗಿತ್ತು, ಆಲ್ಬಮ್ ಹಗುರವಾಗಿತ್ತು. ಬಿಚ್ಚಿ ನೋಡಿದರೆ ಹನ್ನೊಂದು ಜಾಗವೂ ಖಾಲಿ. ಕಟ್ಟಕಡೆಯಲ್ಲಿ ಡಿ. ಹೇಮಂತ್ ಒಬ್ಬನೇ ಕೂತಿದ್ದ. ಅವನ ಹಣೆಯ ಕುಂಕುಮ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಟಿಕೆಟ್ ಕೊಡಲು ಬಂದ ಕಂಡಕ್ಟರು ಕುಂಕುಮ ನೋಡಿ ದನಿ ತಗ್ಗಿಸಿದ.

"ನಿಮ್ಮ ತಂದೆಯೋರಾ ಸಾರ್?"

ಚಿದಂಬರ ಉಜ್ಜುವುದನ್ನು ನಿಲ್ಲಿಸಿದ.

"ಹೂಂ ಕಣಪ್ಪ," ಎಂದ. "ನನಗೆ ಅಂತ ಉಳಿದಿರೋದು ಇವರೊಬ್ಬರೇ."