ಪೀಪಾಯಣ್ಣನ ಒಗೆಯುವ ಯಂತ್ರ

ಎಲ್ಲದಕ್ಕೂ ಮೂಲ ಒಂದು ಹೊದಿಕೆ. ಒಣಗಿದ್ದಾಗ ಸಾಧು, ನೆನೆದರೆ ರಾಕ್ಷಸ. ಅದು ನೀರು ಕುಡಿಯಲು ಶುರುಮಾಡಿದರೆ ಬಾವಿಯ ತಳದ ಕಪ್ಪೆಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಬಾವಿ ಹುಡುಕಬೇಕಿತ್ತು. ಅಂಥ ಹೊದಿಕೆಯನ್ನು ಹಿಂಡುವಾಗ ಹೆಂಡತಿ, "ರೀ, ಆ ಕಡೆ ತುದಿ ಸ್ವಲ್ಪ ಹಿಡ್ಕೊಳ್ಳಿ" ಎಂದು ಕರೆದಳು. ಪೀಪಾಯಣ್ಣ "ಬಂದೆ" ಅಂದ. ಬರಲಿಲ್ಲ. ಹೊದಿಕೆ ಒಂದು ಕಡೆಗೆ ತಿರುಚಿಕೊಂಡಿತು, ಹೆಂಡತಿಯ ಮಣಿಕಟ್ಟು ಇನ್ನೊಂದು ಕಡೆಗೆ.

ವೈದ್ಯರು ಕೈಗೆ ಪಟ್ಟಿ ಸುತ್ತಿ, ಸದ್ಯಕ್ಕೆ ಈ ಕೈ ಕರವಸ್ತ್ರವನ್ನೂ ಹಿಂಡಕೂಡದು ಅಂದರು. ಸುದ್ದಿ ಕೇಳಿ ಅತ್ತೆ ಬಂದಿಳಿದರು. ಅವರು ಬಂದರೆ ಆ ಮನೆಯ ಗೋಡೆ ಗಡಿಯಾರವೂ ಸದ್ದು ತಗ್ಗಿಸಿಕೊಂಡು ಓಡುತ್ತಿತ್ತು. ಮಗಳ ಕೈ ನೋಡಿದರು, ಅಳಿಯನ ಎರಡೂ ಕೈ ನೋಡಿದರು, ನೆಟ್ಟಗಿವೆ ಎಂದು ಖಾತ್ರಿ ಮಾಡಿಕೊಂಡು ಒಗೆಯುವ ಕಲ್ಲಿನ ಕಡೆ ಬೆರಳು ತೋರಿಸಿದರು.

ಪೀಪಾಯಣ್ಣ ಅನ್ನುವುದು ಬೀದಿಯವರು ಕೊಟ್ಟ ಬಿರುದು. ಮರದ ಪೀಪಾಯಿ ಮಾಡುವುದರಲ್ಲಿ ಅವನಂಥವನು ಹಿಂದೆ ಹುಟ್ಟಿರಲಿಲ್ಲ. ಮುಂದೆ ಹುಟ್ಟಲು ಯಾರಿಗೂ ಧೈರ್ಯ ಸಾಲದು. ಒಣ ಹಲಗೆಗಳನ್ನು ದುಂಡಗೆ ನಿಲ್ಲಿಸಿ, ಕಬ್ಬಿಣದ ಪಟ್ಟಿ ಬಿಗಿದು, ನೀರು ತುಂಬಿಸುತ್ತಿದ್ದ. ಮರ ನೀರು ಕುಡಿದು ಊದಿಕೊಂಡು ತನ್ನ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತಿತ್ತು. ಅವನ ಪೀಪಾಯಿಯಿಂದ ಒಂದು ತೊಟ್ಟು ಸೋರಿದ್ದನ್ನು ನೋಡಿದೆ ಅನ್ನುವವನು ಆ ಬೀದಿಯಲ್ಲಿರಲಿಲ್ಲ. ಇಂಥ ಕಲಾವಿದ ಒಂದು ಬೆಳಗ್ಗೆ ಒಗೆಯುವ ಕಲ್ಲಿನ ಮುಂದೆ ಬಗ್ಗಿದವನು ಆಮೇಲೆ ನೆಟ್ಟಗಾಗಲೇ ಇಲ್ಲ. ಕುಡುಗೋಲಿನ ಹಾಗೆ ಬಾಗಿಕೊಂಡೇ ಊಟ ಮಾಡಿದ, ಬಾಗಿಕೊಂಡೇ ಮಲಗಿದ. ಹೆಂಡತಿಯ ಪಟ್ಟಿ ಸುತ್ತಿದ ಕೈ ನೋಡಿ, ಇಷ್ಟು ವರ್ಷ ಇವಳು ಇದನ್ನು ಹೇಗೆ ಮಾಡಿದಳಪ್ಪ ಎಂದು ಮರುಗಿದ. ಕನಿಕರವೂ ಸೊಂಟನೋವೂ ಒಟ್ಟಿಗೆ ಬಂದರೆ ಗಂಡಸಿನ ತಲೆಯಲ್ಲಿ ಯಂತ್ರ ಹುಟ್ಟುತ್ತದೆ.

ಯಂತ್ರ ಅಂದರೆ ಅಂತಿಂಥದ್ದಲ್ಲ. ಆನೆಮರಿಗೆ ಸ್ನಾನ ಮಾಡಿಸಬಹುದಾದಂಥ ಪೀಪಾಯಿ. ಅದಕ್ಕೆ ಇರುವೆಯ ಉಸಿರೂ ನುಸುಳದಂಥ ಮುಚ್ಚಳ. ಮುಚ್ಚಳದ ನಡುವಿನಿಂದ ಒಳಗಿಳಿದ ಒಂದು ಕಂಬ, ಕಂಬದ ಬುಡದಲ್ಲಿ ಸ್ಟೂಲಿನ ಕಾಲುಗಳಂಥ ಗೂಟಗಳು. ಮೇಲುಗಡೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಎರಡು ಮರದ ಚಕ್ರ, ಅವಕ್ಕೊಂದು ಕಬ್ಬಿಣದ ಹಿಡಿಕೆ. ಹಿಡಿಕೆಯನ್ನು ಬಡಿದುಕೊಟ್ಟವನು ಬೀದಿಯ ಇಳಿಜಾರಿನ ಕೊನೆಯಲ್ಲಿದ್ದ ಕಮ್ಮಾರ. ಹಿಡಿಕೆ ತಿರುಗಿಸಿದರೆ ಚಕ್ರ ತಿರುಗಬೇಕು, ಚಕ್ರದ ಜೊತೆ ಕಂಬ ತಿರುಗಬೇಕು, ಗೂಟಗಳು ಬಟ್ಟೆಯನ್ನು ಸೋಪಿನ ನೀರಲ್ಲಿ ಎಳೆದಾಡಿ ಕೊಳೆ ಬಿಡಿಸಬೇಕು. ಚಕ್ರಕ್ಕೂ ಕಂಬಕ್ಕೂ ನಂಟು ಬೆಸೆಯುವುದು ಬೆರಳುದ್ದದ ಒಂದು ಮರದ ಬೆಣೆ.

ಯಂತ್ರ ಸಿದ್ಧವಾಗಬೇಕಿದ್ದ ಬೆಳಗ್ಗೆ ಪೀಪಾಯಣ್ಣ ಚಕ್ರವನ್ನು ಕಂಬಕ್ಕೆ ತೊಡಿಸಿ, ಬೆಣೆಯನ್ನು ಇನ್ನೇನು ಬಡಿಯಬೇಕು, ಒಳಗಿನಿಂದ "ಅಳಿಯಂದ್ರೇ" ಎಂಬ ಕರೆ ಬಂತು. ಅತ್ತೆಯಿಂದ ಎರಡನೇ ಸಲ ಕೂಗಿಸಿಕೊಂಡವನು ಬದುಕಿದ ದಾಖಲೆ ಇಲ್ಲ. ಸೀಸದ ಕಡ್ಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಅಂದರೆ ಕಿವಿಯ ಮೇಲೆ, ಬೆಣೆಯನ್ನು ಸಿಕ್ಕಿಸಿಕೊಂಡು ಓಡಿದ.

"ಆ ಡಬ್ಬ ಬಟ್ಟೆ ಒಗೆಯತ್ತೆ ಅಂತೀರಾ?" ಅತ್ತೆ ಕೇಳಿದರು.

"ಡಬ್ಬ ಅಲ್ಲ ಅತ್ತೆ, ಯಂತ್ರ."

"ಒಗೀದಿದ್ರೆ?"

ಅಲ್ಲಿಗೆ ಪಂದ್ಯ ಕಟ್ಟಿಯೇಬಿಟ್ಟರು. ಯಂತ್ರದಿಂದ ಬಟ್ಟೆ ಹರಿಯದೆ, ಬೆಳ್ಳಗೆ ಹೊರಬಂದರೆ ಅಳಿಯಂದಿರು ಜನ್ಮದಲ್ಲಿ ಒಗೆಯುವ ಕಲ್ಲು ಮುಟ್ಟಬೇಕಾಗಿಲ್ಲ. ಬರದಿದ್ದರೆ ಮಗಳ ಕೈ ವಾಸಿಯಾದ ಮೇಲೂ ಆ ಮನೆಯ ಒಗೆತ ಪೂರ್ತಿ ಅಳಿಯಂದಿರದ್ದೇ, ಉಸಿರಿರುವವರೆಗೆ. ಹೆಂಡತಿ ಹೆದರಿ, ಇದೆಲ್ಲ ಬೇಡ ರೀ, ಕೈ ಸರಿಹೋದ ಮೇಲೆ ನಾನೇ ಒಗೀತೀನಿ ಅಂದಳು. ಪೀಪಾಯಣ್ಣನ ಎದೆ ಅವನೇ ಮಾಡಿದ ಪೀಪಾಯಿಯಷ್ಟು ಉಬ್ಬಿತು.

"ನಿನ್ನ ಕೈ ಇನ್ನು ಸೋಪು ಮುಟ್ಟಕೂಡದು ಕಣೇ. ನಾನಿದೀನಿ."

ಯಂತ್ರವನ್ನು ಬಾಗಿಲ ಮುಂದಿನ ಕಟ್ಟೆಯ ಪಕ್ಕಕ್ಕೆ ತಂದದ್ದೇ ತಡ, ಬೀದಿ ಕಿವಿ ನೆಟ್ಟಗೆ ಮಾಡಿಕೊಂಡು ಬಂತು. ಮೊದಲು ಪಕ್ಕದ ಮನೆಯ ದರ್ಜಿ, ಹಿಂದೆಯೇ ಎದುರುಮನೆಯ ಮೇಷ್ಟ್ರು, ಆಮೇಲೆ ತನ್ನ ಹಿಡಿಕೆಗೆ ಏನು ಗತಿಯಾಗಿದೆ ಎಂದು ನೋಡಲು ಕಮ್ಮಾರ. ಪೀಪಾಯಣ್ಣ ಎಲ್ಲರೆದುರು ಹಿಡಿಕೆ ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗಿತು. ಕಿರುಬೆರಳಲ್ಲಿ ತಿರುಗಿಸಿದ. ಆಗಲೂ ತಿರುಗಿತು. ಊದಿದರೆ ಸಾಕು ತಿರುಗುತ್ತೆ ಎಂದು ದರ್ಜಿ ಊದಿ ನೋಡಿದ. ಸ್ವಲ್ಪ ಅಲುಗಿದ್ದನ್ನು ತಾನು ಕಣ್ಣಾರೆ ಕಂಡೆ ಎಂದು ಇವತ್ತಿಗೂ ಹೇಳುತ್ತಾನೆ.

ಇಷ್ಟು ಹಗುರವಾದ ಯಂತ್ರಕ್ಕೆ ಒಂದೇ ಮನೆಯ ಬಟ್ಟೆ ಹಾಕುವುದು ಅನ್ಯಾಯ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮಧ್ಯಾಹ್ನ ಶಾಲೆಗೆ ದೊಡ್ಡ ಅಧಿಕಾರಿ ಬರುವವರಿದ್ದರು, ಮೇಷ್ಟ್ರಿಗೆ ಮರ್ಯಾದೆಯ ಪ್ಯಾಂಟು ಇದ್ದದ್ದು ಒಂದೇ, ಅದರ ಮೇಲೆ ಶಾಯಿ ಚೆಲ್ಲಿತ್ತು. ಒಳಗೆ ಹೋಗಿ ಟವೆಲ್ಲು ಸುತ್ತಿಕೊಂಡು ಬಂದು ಪ್ಯಾಂಟನ್ನು ಯಂತ್ರಕ್ಕೆ ಒಪ್ಪಿಸಿದರು. ದರ್ಜಿ ಗಿರಾಕಿಯೊಬ್ಬನ ಬಿಳಿ ಕೋಟು ತಂದ; ಹೊಲಿಗೆ ಯಂತ್ರದ ಎಣ್ಣೆ ತಾಗಿಸಿಕೊಂಡಿದ್ದ ಅದನ್ನು ಗಿರಾಕಿ ಸಂಜೆಗೆ ಒಯ್ಯುವವನಿದ್ದ. ಕಮ್ಮಾರ ಅಲ್ಲೇ ಅಂಗಿ ಬಿಚ್ಚಿದ. ಆ ಅಂಗಿಯ ಮೂಲ ಬಣ್ಣ ಅದನ್ನು ನೇಯ್ದವನಿಗೂ ಮರೆತುಹೋಗಿತ್ತು. ಎಲ್ಲದರ ಮೇಲೆ ಆ ರಾಕ್ಷಸ ಹೊದಿಕೆ. ಅದನ್ನು ಅತ್ತೆ ಸ್ವತಃ ತಂದು ಒಳಗೆ ತುರುಕಿದರು, ಪಂದ್ಯ ಅಂದರೆ ಪಂದ್ಯ.

ಕುದಿಯುವ ನೀರು, ಸೋಪಿನ ಚೂರು ಬಿತ್ತು. ಪೀಪಾಯಣ್ಣ ಮುಚ್ಚಳ ಕೂರಿಸಿ, ಸುತ್ತಲೂ ಕೊಡತಿಯಿಂದ ಬಡಿದು ಬಿಗಿಮಾಡಿ, ಉಸಿರು ಬಿಗಿಹಿಡಿದು ಹಿಡಿಕೆಗೆ ಕೈ ಹಾಕಿದ. ಅಷ್ಟೇ ಹಗುರ. ಕೂದಲಿನಷ್ಟೂ ಭಾರ ಹೆಚ್ಚಿರಲಿಲ್ಲ.

ಕಮ್ಮಾರ ಮಾತ್ರ ತಲೆ ಕೆರೆದುಕೊಂಡ. "ಪೀಪಾಯಣ್ಣ, ನನ್ನ ಹಿಡಿಕೆ ಒಳ್ಳೇದೇ. ಆದ್ರೂ ಇಷ್ಟು ಒಳ್ಳೇದು ಅಂತ ನಂಗೇ ಗೊತ್ತಿರ್ಲಿಲ್ಲ."

"ರೀ," ಎಂದಳು ಹೆಂಡತಿ, ಪೀಪಾಯಿಗೆ ಕಿವಿಗೊಟ್ಟು, "ಒಳಗೆ ನೀರಿನ ಸದ್ದೇ ಕೇಳಿಸ್ತಿಲ್ವಲ್ಲ."

"ನೀರೇ ಸೋರದ ಪೀಪಾಯಿ ಇದು. ಸದ್ದು ಸೋರುತ್ತಾ?"

ಈ ಉತ್ತರಕ್ಕೆ ಮೇಷ್ಟ್ರು ಚಪ್ಪಾಳೆ ತಟ್ಟಲು ಹೋಗಿ, ಟವೆಲ್ಲು ಜಾರುವುದನ್ನು ನೆನೆದು ಒಂದೇ ಕೈ ಆಡಿಸಿದರು. ಆಮೇಲೆ ಹಿಡಿಕೆಗೆ ಪಾಳಿ ಹಚ್ಚಿದರು. ದರ್ಜಿ ತಿರುಗಿಸಿದ, ಕಮ್ಮಾರ ತಿರುಗಿಸಿದ, ಹಾಲಿನವಳು ತಿರುಗಿಸಿದಳು, ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬ ತಿರುಗಿಸಿ ಹೆಸರೂ ಹೇಳದೆ ಹೋದ. ಕೊಳೆ ಒಳಗೆ ಕಣ್ಣೀರು ಹಾಕುತ್ತಿರಬೇಕು ಎಂದು ಪೀಪಾಯಣ್ಣ ಮೀಸೆಯಡಿಯಲ್ಲೇ ನಕ್ಕ. ಬಿಸಿಲು ನೆತ್ತಿಗೇರಿತು. ಮೇಷ್ಟ್ರು ಪ್ಯಾಂಟು ಕೇಳಿದರು.

ಮುಚ್ಚಳ ಬರಲಿಲ್ಲ.

ಒಣ ಮರಕ್ಕೆ ಬಿಸಿನೀರಿನ ಹಬೆ ತಾಗಿತ್ತು. ಪೀಪಾಯಣ್ಣನ ಕೈಯ ಮರವಲ್ಲವೇ, ಕಲಿಸಿದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತ್ತು. ಮುಚ್ಚಳವೂ ಊದಿತ್ತು, ಪೀಪಾಯಿಯೂ ಊದಿತ್ತು, ಎರಡೂ ಒಂದನ್ನೊಂದು ಅಪ್ಪಿಕೊಂಡು ಒಂದೇ ಮರವಾಗಿದ್ದವು. ದರ್ಜಿ ಎಳೆದ. ದರ್ಜಿಯ ಸೊಂಟ ಹಿಡಿದು ಮೇಷ್ಟ್ರು ಎಳೆದರು. ಮೇಷ್ಟ್ರ ಸೊಂಟ ಹಿಡಿದು ಎಳೆಯಲು ಟವೆಲ್ಲಿನ ಕಾರಣದಿಂದ ಯಾರೂ ಮುಂದೆ ಬರಲಿಲ್ಲ. ದೊಡ್ಡ ಅಧಿಕಾರಿಯ ಗಾಡಿ ಶಾಲೆ ಸೇರಿತಂತೆ ಎಂದು ಯಾರೋ ಹೇಳಿದಾಗ ಮೇಷ್ಟ್ರ ಮುಖ ನೋಡುವ ಹಾಗಿರಲಿಲ್ಲ. ದರ್ಜಿ, ಕೋಟು ಬರದಿದ್ದರೆ ಗಿರಾಕಿ ನನ್ನ ಚರ್ಮದಲ್ಲೇ ಹೊಸದೊಂದು ಹೊಲಿಸಿಕೊಳ್ಳುತ್ತಾನೆ ಎಂದು ಕಟ್ಟೆ ಮೇಲೆ ಕುಸಿದ.

ಬರಿಮೈ ಕಮ್ಮಾರ ಸುತ್ತಿಗೆ ಎತ್ತಿಕೊಂಡು ಬಂದ. ಪೀಪಾಯಣ್ಣ ಪೀಪಾಯಿಯನ್ನು ತಬ್ಬಿಕೊಂಡ.

"ಒಡೆದ್ರೆ ಯಂತ್ರ ಹೋಯ್ತು, ಯಂತ್ರ ಹೋದ್ರೆ ಪಂದ್ಯ ಹೋಯ್ತು. ಮೊದ್ಲು ನನ್ನ ತಲೆ ಒಡಿ."

ಕಮ್ಮಾರ ಎರಡನ್ನೂ ತೂಗಿ ನೋಡುವವನ ಹಾಗೆ ನಿಂತ. ಅಷ್ಟರಲ್ಲಿ ಪೀಪಾಯಣ್ಣನಿಗೇ ಉಪಾಯ ಹೊಳೆಯಿತು: ನೀರು ಕುಡಿದು ಊದಿದ ಮರ ಬೆಂಕಿ ಕಂಡರೆ ಕುಗ್ಗುತ್ತದೆ. ಕಮ್ಮಾರನ ಕುಲುಮೆಯ ಮುಂದೆ ಮುಚ್ಚಳವನ್ನು ಸ್ವಲ್ಪ ಕಾಯಿಸಿದರೆ ತಾನಾಗಿ ಸಡಿಲವಾಗುತ್ತದೆ. ಕುಲುಮೆ ಇದ್ದದ್ದು ಇಳಿಜಾರಿನ ತಳದಲ್ಲಿ. ನೀರು, ಬಟ್ಟೆ, ಹೊದಿಕೆ ತುಂಬಿದ ಪೀಪಾಯಿಯನ್ನು ಹೊರುವುದು ಸಾಧ್ಯವಿರಲಿಲ್ಲ. ಎಲ್ಲರೂ ಸೇರಿ ಮಗ್ಗುಲಿಗೆ ಮಲಗಿಸಿದರು, ಮೆಲ್ಲಗೆ ಉರುಳಿಸೋಣ ಅಂದರು.

ಇಳಿಜಾರಿಗೆ ಈ ಮೆಲ್ಲಗೆ ಎಂಬ ಮಾತು ತಿಳಿದಿರಲಿಲ್ಲ.

ಪೀಪಾಯಿ ಒಂದು ಸಲ ಅತ್ತಿತ್ತ ಹೊಯ್ದಾಡಿ, ಎಲ್ಲರ ಕೈ ಕೊಡವಿಕೊಂಡು ಹೊರಟಿತು. ಗುಡುಗು ರಜೆಯ ಮೇಲೆ ಬೀದಿಗೆ ಬಂದಂತಿತ್ತು. ಕಲ್ಲುಹಾಸಿನ ಮೇಲೆ ಎಗರಿತು, ತರಕಾರಿ ಅಂಗಡಿಯವನ ಬುಟ್ಟಿಗಳ ಮೇಲೆ ಹಾರಿತು, ಮಲಗಿದ್ದ ನಾಯಿಯನ್ನು ಎಬ್ಬಿಸಿ ಅದಕ್ಕಿಂತ ಮುಂದೆ ಓಡಿತು. ಹಿಂದೆ ಪೀಪಾಯಣ್ಣ, ಅವನ ಹಿಂದೆ ದರ್ಜಿ, ದರ್ಜಿಯ ಹಿಂದೆ ಟವೆಲ್ಲನ್ನು ಜೀವದಂತೆ ಹಿಡಿದುಕೊಂಡ ಮೇಷ್ಟ್ರು. ತಳಕ್ಕೆ ಹೋದ ಪೀಪಾಯಿ ಅಲ್ಲಿ ನಿಲ್ಲಲಿಲ್ಲ. ಆಚೆ ಕಡೆಯ ಏರನ್ನು ಅರ್ಧ ಹತ್ತಿ, ಯೋಚಿಸಿ, ವಾಪಸು ಬಂತು. ಅಟ್ಟಿಸಿಕೊಂಡು ಬಂದವರೆಲ್ಲ ತಿರುಗಿ ಓಡಿದರು. ಈ ಕಡೆಯ ಏರು ಹತ್ತಿ, ಇಳಿದು, ಮತ್ತೆ ಆ ಕಡೆಗೆ ಹೋಯಿತು. ತೊಟ್ಟಿಲು ತೂಗಿದ ಹಾಗೆ ಅತ್ತಿಂದಿತ್ತ, ಇತ್ತಿಂದತ್ತ. ಅಷ್ಟು ಹೊತ್ತೂ ಅದರೊಳಗಿನಿಂದ ದಬ ದಬ, ಚಳಕ್ ಪಳಕ್ ಎಂದು ಸದ್ದು ಸೋರುತ್ತಲೇ ಇತ್ತು. ಕೊನೆಗೆ ದಣಿದು ಕುಲುಮೆಯ ಬಾಗಿಲಿಗೆ ತಿರುಗಿ, ಒಳಗೆ ನುಗ್ಗಿ, ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಡಿಕ್ಕಿ ಹೊಡೆಯಿತು. ಮುಚ್ಚಳ ಸೀಸೆಯ ಬಿರಡೆಯಂತೆ ಹಾರಿ ಹೋಯಿತು.

ನೊರೆ ಹೊರಗೆ ಬಂತು. ನೊರೆಯ ಹಿಂದೆ ಕೋಟು ಬಂತು. ಹಾಲು ಆ ಕೋಟನ್ನು ನೋಡಿದ್ದರೆ ತಾನು ಕಪ್ಪಗಿದ್ದೇನೆ ಎಂದು ಅಳುತ್ತಿತ್ತು. ಪ್ಯಾಂಟು ಬಂತು, ಶಾಯಿಯ ಸುಳಿವೇ ಇರಲಿಲ್ಲ. ಕಮ್ಮಾರನ ಅಂಗಿ ತಿಳಿನೀಲಿ ಎಂದು ಲೋಕಕ್ಕೆ ಅವತ್ತು ಗೊತ್ತಾಯಿತು. ರಾಕ್ಷಸ ಹೊದಿಕೆ ಬೆಳ್ಳಗೆ, ಸಾಧುವಾಗಿ ಬಂದು ನೆಲಕ್ಕೆ ಬಿತ್ತು. ಯಾವುದೂ ಹರಿದಿರಲಿಲ್ಲ. ಪೀಪಾಯಿಯ ಹಲಗೆಯೊಂದೂ ಕದಲಿರಲಿಲ್ಲ. ಮೇಷ್ಟ್ರು ಹಸಿ ಪ್ಯಾಂಟನ್ನೇ ಏರಿಸಿಕೊಂಡು ಶಾಲೆಗೆ ಓಡಿದರು. ಎರಡು ಹೆಜ್ಜೆಗೊಮ್ಮೆ ಬಟ್ಟೆ ಹಿಂಡಿದ ಸದ್ದು ಬೀದಿಯುದ್ದಕ್ಕೂ ಕೇಳಿಸುತ್ತಿತ್ತು.

ಅತ್ತೆಯೂ ಹೆಂಡತಿಯೂ ಇಳಿದು ಬರುವಷ್ಟರಲ್ಲಿ ಪೀಪಾಯಣ್ಣ ಅಡಿಗಲ್ಲಿನ ಮೇಲೆ ಕಾಲಿಟ್ಟು ನಿಂತಿದ್ದ.

"ನೋಡಿದ್ರಾ ಅತ್ತೆ? ನನ್ನ ಯಂತ್ರ."

ಅತ್ತೆ ಹೊದಿಕೆಯನ್ನು ಮೂಸಿದರು, ಬೆಳಕಿಗೆ ಹಿಡಿದರು, ಅಂಚು ಎಳೆದು ನೋಡಿದರು. ಒಪ್ಪಿಕೊಳ್ಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತು, ಕಣ್ಣು ಅಳಿಯನ ಕಿವಿಯ ಮೇಲೆ ನೆಟ್ಟಿತು. ಕೈ ಚಾಚಿ ಬೆಣೆಯನ್ನು ಎಳೆದುಕೊಂಡರು.

"ಇದೇನು ಅಳಿಯಂದ್ರೇ?"

ಪೀಪಾಯಣ್ಣ ಬೆಣೆ ನೋಡಿದ. ಹಾರಿಬಿದ್ದ ಮುಚ್ಚಳ ನೋಡಿದ. ಅವನ ಎದೆಯಿಂದ ಗಾಳಿ ಹೋಗಿದ್ದು ಎಲ್ಲರಿಗೂ ಕಂಡಿತು. ಕಮ್ಮಾರ ಮುಚ್ಚಳ ಎತ್ತಿಕೊಂಡು ಹಿಡಿಕೆ ತಿರುಗಿಸಿದ. ಚಕ್ರ ಸುಂಯ್ ಎಂದು ತಿರುಗಿತು. ಕೆಳಗಿನ ಗೂಟಗಳು ಧ್ಯಾನಕ್ಕೆ ಕೂತವರ ಹಾಗೆ ಅಲುಗಾಡಲಿಲ್ಲ. ಬೆಳಗಿನಿಂದ ಇಡೀ ಬೀದಿ ಪಾಳಿಯಲ್ಲಿ ನಿಂತು ಗಾಳಿ ತಿರುಗಿಸಿತ್ತು.

"ಒಗೆದದ್ದು ನಿಮ್ಮ ಯಂತ್ರ ಅಲ್ಲ," ಎಂದರು ಅತ್ತೆ. "ಬೀದಿ."

ಬೆಣೆ ಹಾಕಿ ಇನ್ನೊಂದು ಸಲ ನೋಡಿ ಎಂದು ಪೀಪಾಯಣ್ಣ ಗೋಗರೆದ. ಅವನ ಮುಖ ನೋಡಲಾರದೆ ಹೆಂಡತಿಯೂ ಒಂದು ಮಾತು ಸೇರಿಸಿದಳು. ಸರಿ, ಬೆಣೆ ಬಡಿದು, ಹೊದಿಕೆ ಹಾಕಿ, ಕಮ್ಮಾರ ಹಿಡಿಕೆ ಹಿಡಿದ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಹೊದಿಕೆ ಗೂಟಗಳಿಗೆ ಸುತ್ತಿಕೊಂಡು ಗಂಟಾಯಿತು. ಮತ್ತೆ ಬಲ ಹಾಕಿದಾಗ ಹಿಡಿಕೆ ನಿಂತಲ್ಲೇ ನಿಂತು, ಕಮ್ಮಾರನೇ ಅದರ ಸುತ್ತ ತಿರುಗಿದ.

"ರೀ, ಬೆಳಗ್ಗೆನೇ ಬೆಣೆ ಹಾಕಿದ್ರೆ ಆವಾಗ್ಲೇ ಸೋತಿರ್ತಿದ್ರಿ," ಎಂದಳು ಹೆಂಡತಿ. ಸಮಾಧಾನಕ್ಕೆಂದೇ ಹೇಳಿದ್ದು.

ಅತ್ತೆ ಮಾತಿಗೆ ತಪ್ಪುವವರಲ್ಲ. ಬಟ್ಟೆ ಹರಿಯದೆ ಬೆಳ್ಳಗೆ ಬಂದದ್ದು ನಿಜ; ಆದ್ದರಿಂದ ಅಳಿಯಂದಿರು ಒಗೆಯುವ ಕಲ್ಲು ಮುಟ್ಟಬೇಕಾಗಿಲ್ಲ. ಯಂತ್ರ ಒಗೆಯಲಿಲ್ಲ ಅನ್ನುವುದೂ ನಿಜ. ಆದ್ದರಿಂದ ಒಗೆತ ಅಳಿಯಂದಿರದ್ದೇ. ಹೇಗೆ ಅಂದರೆ, ಇವತ್ತು ಹೇಗಾಯಿತೋ ಹಾಗೆ. ದರ್ಜಿಗೂ ಕಮ್ಮಾರನಿಗೂ ಈ ತೀರ್ಪು ಎಷ್ಟು ಹಿಡಿಸಿತೆಂದರೆ, ತಮ್ಮ ಬಟ್ಟೆಯನ್ನೂ ಇದಕ್ಕೇ ಸೇರಿಸಬೇಕೆಂದು ಅಲ್ಲೇ ಗೊತ್ತುಮಾಡಿಕೊಂಡರು.

ಪೀಪಾಯಣ್ಣ ಮುಚ್ಚಳದ ಅಂಚನ್ನು ಒಂದಿಷ್ಟು ತರಿದ. ಚಕ್ರ, ಕಂಬ, ಹಿಡಿಕೆ ಕಿತ್ತು ಅಟ್ಟಕ್ಕೆ ಹಾಕಿ, ಕಂಬದ ತೂತಿಗೆ ಬಿರಡೆ ಬಡಿದ. ಈಗ ಒಗೆಯುವ ದಿನ ಬಂತೆಂದರೆ ಇಡೀ ಬೀದಿಯ ಕೊಳೆಯನ್ನು ತುಂಬಿಕೊಂಡ ಪೀಪಾಯಿಯನ್ನು ಇಳಿಜಾರಿಗೆ ಬಿಡುತ್ತಾನೆ, ಅದರ ಹಿಂದೆ ಓಡುತ್ತಾನೆ, ಅದು ತಿರುಗಿ ಬಂದರೆ ಅದರ ಮುಂದೆ ಓಡುತ್ತಾನೆ, ನಿಂತರೆ ಹೆಗಲು ಕೊಟ್ಟು ಮತ್ತೆ ಮೇಲಕ್ಕೆ ನೂಕುತ್ತಾನೆ. ಕೈ ಪೂರ್ತಿ ವಾಸಿಯಾದ ಹೆಂಡತಿ ಮೇಲೆ ಕಟ್ಟೆಯಲ್ಲಿ ಕಾಲು ನೀಡಿ ಕೂತಿರುತ್ತಾಳೆ. ಆ ತುದಿ ಸ್ವಲ್ಪ ಹಿಡ್ಕೊಳ್ಳೇ ಎಂದು ಅವನು ಏದುಸಿರಲ್ಲಿ ಕರೆದರೆ "ಬಂದೆ" ಅನ್ನುತ್ತಾಳೆ.

ಆಮೇಲೆ ಎದುರುಮನೆ ಕಡೆ ಕಿವಿಗೊಟ್ಟು, ಕೂತಲ್ಲಿಂದಲೇ ಕೂಗುತ್ತಾಳೆ: "ರೀ, ಮೇಷ್ಟ್ರ ಪ್ಯಾಂಟಿಗೆ ಇನ್ನೊಂದು ಸುತ್ತು ಬೇಕಂತೆ."