ಅಜ್ಜಿ ಇಳಿದಳು, ಚೀಲ ಇಳಿಯಲಿಲ್ಲ

ಒಂದು ಒಗಟು. ಹುಬ್ಬಳ್ಳಿಯಲ್ಲಿ ಅಜ್ಜಿಯ ಜೊತೆ ವಿಮಾನ ಹತ್ತಿತು. ಪುಣೆಯಲ್ಲಿ ಅಜ್ಜಿ ಇಳಿದಳು, ಅದು ಇಳಿಯಲಿಲ್ಲ. ಈಗ ಎಲ್ಲಿ ಅದ, ಹೇಳ್ರಿ? ತಲಿ ಕೆರಕೋಬ್ಯಾಡ್ರಿ. ವಿಮಾನದವರಿಗೇ ಗೊತ್ತಿಲ್ಲ, ನಿಮಗೆಲ್ಲಿಂದ ಗೊತ್ತಾಗಬೇಕು?

ಪುಣೆಯ ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಹೆಚ್ಚಿನವಕ್ಕೆ ನಾನೇ ಕಾರಣ. ಸಾಲಿ ಬಿಟ್ಟವನೆಂದು ಅಜ್ಜಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ನನ್ನನ್ನೇ ಕಳಿಸಿದ್ದರು ಖರೆ, ಆದರೆ ಚೀಲ ಕಳೆದದ್ದು ನಾನಲ್ಲ, ದೇವರಾಣೆ. ಅದರೊಳಗೆ ಬಸುರಿ ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ತಂದ ಹಸಿರು ಇಳಕಲ್ ಸೀರೆ ಇತ್ತು. ತವರಿನ ಹಸಿರು ಸೀರೆ ಇಲ್ಲದೆ ಉಡಿ ತುಂಬುವುದು ಹೆಂಗ? ಕುಬಸ ಭಾನುವಾರ. ಸೀರೆ ಬರಬೇಕು, ಇಲ್ಲವೇ ಹೊಸದು ಕೊಳ್ಳಲು ಪರಿಹಾರ ಬರಬೇಕು.

ಗುರುತು

ನಿಲ್ದಾಣದಲ್ಲಿ ದೂರು ಬರೆದುಕೊಳ್ಳುವ ಹುಡುಗಿ ಮರಾಠಿಯಲ್ಲಿ ಕೇಳಿದಳು, ಚೀಲದಲ್ಲಿ ಬೆಲೆಬಾಳುವ ಸಾಮಾನು ಏನಿತ್ತೆಂದು. ಅಜ್ಜಿ ಕಟಕ ರೊಟ್ಟಿಯಿಂದ ಶುರು ಮಾಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂದು ಚಟ್ನಿಪುಡಿ ಎಲ್ಲ ಮುಗಿಸಿ, ಕಡೆಗೆ ಸೀರೆ ಅಂದಳು. ಚೀಲಕ್ಕೆ ಏನಾದರೂ ಗುರುತು?

"ಮೂಸಿ ನೋಡ್ರಿ. ಬಳ್ಳೊಳ್ಳಿ ಖಾರ ಎಲ್ಲಿ ನಾರತದೋ, ಅಲ್ಲೇ ನನ್ನ ಚೀಲ."

ನಾನು ಒಂದಕ್ಷರ ಬಿಡದೆ ಮರಾಠಿಗೆ ತಂದೆ. ಹುಡುಗಿಯೂ ಬಿಡಲಿಲ್ಲ, ಬರೆದಳು: ಬಣ್ಣ ಕಂದು, ವಾಸನೆ ಬೆಳ್ಳುಳ್ಳಿ.

ಉಪಚಾರ

ಮರುದಿನ ವಿಮಾನ ಕಂಪನಿಯ ಒಬ್ಬ ಸಾಹೇಬ ಅಪ್ಪನಿಗೆ ಫೋನ್ ಮಾಡಿ, ಪರಿಹಾರ ಕೊಡುತ್ತೇವೆ ಎಂದು ಹಿಂದಿಯಲ್ಲಿ ಹೇಳಿದ. ನಮ್ಮ ಮಂದಿ ಚಹಾನೂ ಮೊದಲ ಸಲಕ್ಕೆ ಬೇಕು ಅನ್ನುವುದಿಲ್ಲ. ಅವರು ಒತ್ತಾಯ ಮಾಡಬೇಕು, ಇವರು ಬ್ಯಾಡ ಬ್ಯಾಡ ಅನ್ನಬೇಕು, ಆಮೇಲೆ ಕಪ್ಪಿಗೆ ಕೈ. ಅಪ್ಪ ಅದೇ ರೂಢಿಯಲ್ಲಿ, ಇರಲಿ ಬಿಡಿ ಸಾಹೇಬರೆ, ಯಾಕೆ ಸುಮ್ಮನೆ ತ್ರಾಸ ಅಂದ. ಇನ್ನೊಮ್ಮೆ ಕೇಳುತ್ತಾನೆಂದು ಕಾಯುತ್ತ ನಿಂತ. ಆತ ಧನ್ಯವಾದ ಹೇಳಿ ಇಟ್ಟುಬಿಟ್ಟ. ಹಿಂದೆಯೇ ಮೆಸೇಜು: ಗ್ರಾಹಕರಿಗೆ ಪರಿಹಾರ ಬೇಡವಾಗಿದೆ, ದೂರು ಮುಕ್ತಾಯ.

ಅಡಿಗೆಮನೆಯಿಂದ ಅವ್ವ ಹೇಳಿದಳು, "ಎರಡನೇ ಸಲ ಕೇಳಾಕ ಅಂವೇನ ನಿಮ್ಮ ಬೀಗನೇನ್ರಿ?"

ತಾಲೀಮು

ಅವ್ವನೇ ಜಗಳಾಡಿ ದೂರು ಮತ್ತೆ ತೆರೆಸಿದಳು. ಈ ಸಲ ಕನ್ನಡ ಬರುವವರೇ ಮಾತಾಡಲಿ ಅಂದಳು. ಅಪ್ಪನಿಗೆ "ಬೇಕು" ಅನ್ನುವುದನ್ನು ಕಲಿಸುವ ಕೆಲಸ ನನ್ನದಾಯಿತು. ಗೆಳೆಯನ ಫೋನ್ ಹಿಡಿದು ಮನೆ ಮೇಲಿನ ಗಚ್ಚಿಗೆ ಹೋದೆ. ಧ್ವನಿ ದಪ್ಪ ಮಾಡಿ, ವಿಮಾನ ಕಂಪನಿಯಿಂದ ಮಾತಾಡುತ್ತಿದ್ದೇನೆ, ಪರಿಹಾರ ಬೇಕೇನ್ರಿ ಅಂದೆ. ಅಪ್ಪ ಇರಲಿ ಬಿಡ್ರಿ ಅಂದ. ಮತ್ತೆ ಮಾಡಿದೆ, ಮತ್ತೆ ಇರಲಿ ಬಿಡ್ರಿ. ಸಂಜೆ ಹೊತ್ತಿಗೆ ಅಪ್ಪನಿಗೆ ನನ್ನ ಧ್ವನಿ ಗೊತ್ತಾಗಿಹೋಯಿತು.

ಮುಂಜಾನೆ ಫೋನ್ ಬಂತು. ಅಪ್ಪ ಪೂರ್ತಿ ಕೇಳಲೂ ಇಲ್ಲ.

"ಏ ಮಂಗ್ಯಾ, ಧ್ವನಿ ದಪ್ಪ ಮಾಡಿದ್ರ ಸಾಹೇಬ ಆಗ್ತಿಯೇನ? ಸೀರೀದೂ ಪರಿಹಾರ ಬೇಕು, ರೊಟ್ಟೀದೂ ಬೇಕು. ಕೆಳಗ ಬಂದು ಮೊದಲ ಜಳಕಾ ಮಾಡು."

ನಾನು ಎದುರಿಗೇ ಕೂತು ಚಹಾದಲ್ಲಿ ಬ್ರೆಡ್ ಅದ್ದುತ್ತಿದ್ದೆ. ಅಪ್ಪ ನನ್ನ ನೋಡಿದ, ಫೋನ್ ನೋಡಿದ. ಅದರೊಳಗಿಂದ ಸವಕಾಶವಾಗಿ ಧಾರವಾಡ ಕಡೆಯ ಧ್ವನಿ ಬಂತು:

"ನಂದು ಜಳಕಾ ಆಗೇದ್ರಿ. ರೊಟ್ಟಿ ಎಷ್ಟಿದ್ದೂ, ಹೇಳ್ರಿ."

ಭಾನುವಾರ

ಉಡಿ ತುಂಬುವ ಹೊತ್ತಿಗೆ ಆ ಧಾರವಾಡದವನೇ ಚೀಲ ಹೊತ್ತು ಕೊಂಢವಾದ ನಮ್ಮ ಮನೆಗೆ ಬಂದ. ರೊಟ್ಟಿ ಪುಡಿ, ಸೀರೆ ಮಾತ್ರ ಮಡಿಕೆ ಮುರಿದಿರಲಿಲ್ಲ. ಅಕ್ಕ ಉಟ್ಟು ಬಂದು ಕೂತಳು. ಅಜ್ಜಿ ಅವನ ಹಣೆಗೆ ಕುಂಕುಮ ಹಚ್ಚಿ, "ಹಸರ ಸೀರಿ ತಂದಾವ ತವರಿನವ. ಇನ್ನ ಕೂಸಿನ ಸ್ವಾದರಮಾವ ನೀನ," ಅಂದಳು. ಕೂಸು ಹುಟ್ಟುವ ಮೊದಲೇ ನನ್ನ ಹುದ್ದೆ ಹೋಯಿತು.

ಸುಳ್ಳು ಯಾಕೆ ಹೇಳಲಿ, ಇವತ್ತಿನ್ನೂ ಶನಿವಾರ. ಪರಿಹಾರ ಮಂಜೂರಾಗಿದೆ, ಅಪ್ಪ ಅವ್ವ ಹಸಿರು ಸೀರೆ ತರಲು ಪೇಟೆಗೆ ಹೋಗಿದ್ದಾರೆ, ಅಷ್ಟು ಖರೆ. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದರೆ, ಬಾಗಿಲ ಕಡೆ ನೋಡುತ್ತ, ಹಂಗ ಆದರೂ ಆಗಬಹುದು, ಅಳಿಸಬ್ಯಾಡ ಅಂದಳು. ಅದಕ್ಕೇ ಬಿಟ್ಟಿದ್ದೇನೆ. ಭಾನುವಾರದ್ದಷ್ಟೂ ನಾನು ಕಟ್ಟಿದ್ದು.