ಭಟ್ಟಿಗೆ ನಾನೇ ಕಾವಲು!

ನಾನು ಸಂಶಯದ ಮನುಷ್ಯನಲ್ಲ. ಜಾಗರೂಕ, ಅಷ್ಟೇ. ಹಾಲಿನವಳು ನಕ್ಕ ದಿನ ಮಾತ್ರ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ. ಐವತ್ತರ ದಶಕದಲ್ಲಿ ನಾನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರನಾಗಿದ್ದೆ. ಈ ಗುಣ ಮೆಚ್ಚಿಯೇ ಧಣಿಗಳು, "ಹಡಗಿಗೆ ಹೋಗುವ ಈ ಭಟ್ಟಿಯ ಹಂಚು ಸರಿಯಾಗಿ ಬೇಯಲಿ, ನಿಮ್ಮನ್ನು ಮ್ಯಾನೇಜರ್ ಮಾಡುವ" ಎಂದಿದ್ದರು.

ಆಗಲೇ ಕೆಲಸಗಾರರು ಕಾರ್ಮಿಕರ ದಿನವೆಂದು ಮೇ ಒಂದಕ್ಕೆ ರಜೆ ಕೇಳಿದರು!

"ಆ ದಿನ ಎಂತ ಮಾಡ್ತಾರೆ?" ಧಣಿಗಳು ಕೇಳಿದರು.

ಪತ್ರಿಕೆ ಓದುವ ನಾನು ವಿಸ್ತಾರವಾಗಿ ನಿವೇದಿಸಿದೆ. ಫ್ರಾನ್ಸಿನವರು ಪರಸ್ಪರ ಹೂ ಕೊಡುತ್ತಾರೆ. ಅಮೆರಿಕದವರು ಅದನ್ನೇ ಸೆಪ್ಟೆಂಬರಿನಲ್ಲಿ ಆಚರಿಸಿ, ಸಂಸಾರ ಸಮೇತ ಬಯಲೂಟಕ್ಕೆ ಹೋಗುತ್ತಾರೆ. ರಷ್ಯದಲ್ಲಿ ಫಿರಂಗಿಗಳ ಮೆರವಣಿಗೆ!

"ನಮ್ಮವರದ್ದು?"

"ರಷ್ಯವೇ!"

ಧಣಿಗಳು ನಕ್ಕು ರಜೆ ಕೊಟ್ಟರು. ಆದರೆ ಭಟ್ಟಿಯ ಉರಿ ಆರುವಂತಿಲ್ಲ. ಬೆಂಕಿ ನೋಡುವ ಕೊರಗಪ್ಪ ಮತ್ತು ಮೊಯ್ದಿನ್ ಉಳಿಯುವುದೆಂದಾಯಿತು. "ನಾವಿದ್ದೇವೆ, ರೈಟರೇ. ನೀವು ಮನೆಯಲ್ಲಿ ಆರಾಮ ಮಾಡಿ" ಎಂದ ಕೊರಗಪ್ಪ.

ನನ್ನ ಆರಾಮದ ಚಿಂತೆ ಇವನಿಗೇಕೆ? ಭಟ್ಟಿ ಕೆಡಿಸುವ ಸಂಚೇ ಇರಬೇಕು!

"ಪಾಪ, ಒಳ್ಳೆ ಮನಸ್ಸಿನಿಂದ ಹೇಳಿದ್ದು ಮಾರಾಯ್ರೆ" ಎಂದಳು ಹೆಂಡತಿ.

"ಹಾಗಾದರೆ ವಿಷಯ ನಿನಗೂ ಗೊತ್ತುಂಟು!"

ಮೇ ಒಂದರ ಬೆಳಿಗ್ಗೆ ಕೊರಗಪ್ಪ, ಮೊಯ್ದಿನ್ ಇಬ್ಬರನ್ನೂ ಕಾರ್ಖಾನೆಯಿಂದ ಹೊರಗೆ ಕಳುಹಿಸಿದೆ.

"ನಿಮಗೆ ಬೆಂಕಿ ಕೊಡ್ಲಿಕ್ಕೆ ಬರ್ತದಾ?" ಮೊಯ್ದಿನ್ ಕೇಳಿದ.

"ಕಟ್ಟಿಗೆ ತುಂಬಲಿಕ್ಕೆ ಬಿ.ಎ. ಆಗಬೇಕಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ನನ್ನ ಸಂಶಯ ಇಮ್ಮಡಿಯಾಯಿತು. ಗೇಟಿಗೆ ಬೀಗ ಹಾಕಿದೆ.

ಉರಿ ಸ್ವಲ್ಪ ಮಂಕಾಗಿ ಕಂಡಿತು. ಹಸಿ ಕಟ್ಟಿಗೆ ಇಟ್ಟು ಹೋಗಿದ್ದಾರೆ, ದ್ರೋಹಿಗಳು! ದುಪ್ಪಟ್ಟು ತುಂಬಿದೆ. ಮತ್ತೂ ತುಂಬಿದೆ. ಮೀಸೆ ಸುಟ್ಟಿತು. ಕರ್ತವ್ಯ ಬಿಡಲಿಲ್ಲ.

ಸಂಜೆ ಗೇಟಿನ ಹೊರಗೆ ಗದ್ದಲ. ಬಂತು ರಷ್ಯ! ಕಟ್ಟಿಗೆ ಹಿಡಿದು ಓಡಿದೆ.

"ಬಾಗಿಲು ತೆಗೀರಿ ರೈಟರೇ, ಊಟ ಉಂಟು!" ಕೊರಗಪ್ಪನ ಸ್ವರ. ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಪಣಂಬೂರಿನ ಕಡಲತೀರಕ್ಕೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು, ನನಗೂ ಬಾಳೆಲೆಯಲ್ಲಿ ಕಟ್ಟಿ ತಂದಿದ್ದರು. ನಾನು ಬೀಗ ತೆಗೆದು, ಮೊದಲ ತುತ್ತನ್ನು ಕೊರಗಪ್ಪನಿಗೇ ತಿನ್ನಿಸಿ ಪರೀಕ್ಷಿಸಿದೆ.

ಅದನ್ನು ಅಗಿಯುತ್ತಲೇ ಅವನು ಭಟ್ಟಿಯತ್ತ ನೋಡಿದ. "ಎಂತ ಮಾರಾಯ್ರೆ ಇದು! ಎಷ್ಟು ತುಂಬಿಸಿದ್ದೀರಿ?"

ಭಟ್ಟಿ ತಣಿದ ಮೇಲೆ ಬಾಗಿಲು ತೆರೆದರು. ಹಂಚುಗಳೆಲ್ಲ ನೀರುದೋಸೆಯ ಹಾಗೆ ಮಡಚಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಡಗು ಖಾಲಿ ಹೋಯಿತು. ನನ್ನ ಮ್ಯಾನೇಜರಿಕೆಯೂ ಅದರ ಜೊತೆಗೇ ಹೋಯಿತು. ನಿಜಕ್ಕೂ ಅಳು ಬಂತು.

ಮರುವರ್ಷ ಯಾರೂ ಕೇಳುವ ಮೊದಲೇ ಧಣಿಗಳು ಮೇ ದಿನದ ರಜೆ ಘೋಷಿಸಿದರು. ನನಗೊಬ್ಬನಿಗೆ ಮಾತ್ರ, ಭಟ್ಟಿಗೆ ಬೆಂಕಿ ಇಟ್ಟ ದಿನದಿಂದ ಅದು ತಣಿಯುವವರೆಗೆ!